ಊರು ಬಿಡದೆ ಎಂಬಿಎ: ಮೊದಲು ನೋಡಬೇಕಾದ್ದು ಹೆಸರಲ್ಲ

‘ಯಾವ ಯೂನಿವರ್ಸಿಟಿ ಎಂಬಿಎ ಒಳ್ಳೇದು?’ ದೂರಶಿಕ್ಷಣದ ಮಾತು ಬಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಊರುಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದೇ. ಕೇಳುವವರು ಬಹುಪಾಲು ಈಗಾಗಲೇ ಕೆಲಸದಲ್ಲಿ ಇರುವವರು: ಬ್ಯಾಂಕ್ ಶಾಖೆಯ ನೌಕರರು, ಪತ್ತಿನ ಸಹಕಾರ ಸಂಘದ ಗುಮಾಸ್ತರು, ಎಸ್ಟೇಟಿನ ರೈಟರುಗಳು, ಖಾಸಗಿ ಶಾಲೆಯ ಶಿಕ್ಷಕಿಯರು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ತರುಣ ತರುಣಿಯರು. ತೋಟ, ವಯಸ್ಸಾದ ತಂದೆತಾಯಿ, ಮಕ್ಕಳ ಶಾಲೆ, ಸಾಲದ ಕಂತು ಎಲ್ಲವನ್ನೂ ಬಿಟ್ಟು ಎರಡು ವರ್ಷ ಮೈಸೂರಿಗೋ ಬೆಂಗಳೂರಿಗೋ ಹೋಗಿ ಕೂತು ಓದುವುದು ಇವರಿಂದ ಆಗುವ ಮಾತಲ್ಲ. ಇವರ ಪಾಲಿಗೆ ಉನ್ನತ ಶಿಕ್ಷಣಕ್ಕೆ ಉಳಿದಿರುವ ದಾರಿಯೇ ದೂರಶಿಕ್ಷಣ. ದಾರಿ ಒಂದೇ ಇರುವಾಗ ಎಡವಿದರೆ ಆಗುವ ನಷ್ಟವೂ ದೊಡ್ಡದು. ಹೋದ ಹಣವನ್ನು ಮತ್ತೆ ದುಡಿಯಬಹುದು, ಮೂವತ್ತೈದರ ವಯಸ್ಸಿನಲ್ಲಿ ಕಳೆದ ಎರಡು ವರ್ಷ ತಿರುಗಿ ಬರುವುದಿಲ್ಲ. ಹಾಗಾಗಿ ಸಂಸ್ಥೆಯ ಹೆಸರಿನಿಂದ ಹುಡುಕಾಟ ಶುರುಮಾಡುವ ಈ ರೂಢಿಯನ್ನು ಪ್ರಶ್ನಿಸಬೇಕಾಗಿದೆ. ಕೇಳಬೇಕಾದ ಪ್ರಶ್ನೆಗಳು ಮೂರು, ಅದೂ ಇದೇ ಕ್ರಮದಲ್ಲಿ. ನಾನು ಸೇರಲಿರುವ ಕೋರ್ಸಿಗೆ, ಇದೇ ವಿಧಾನದಲ್ಲಿ, ಇದೇ ಶೈಕ್ಷಣಿಕ ಸಾಲಿಗೆ ಮಾನ್ಯತೆ ಇದೆಯೇ? ನನ್ನ ಊರಿನಲ್ಲಿದ್ದುಕೊಂಡು ಅದನ್ನು ಮುಗಿಸಲು ಆಗುತ್ತದೆಯೇ? ಮುಗಿಸಿದರೆ ನಾನು ಮಾಡುವ ಕೆಲಸಕ್ಕೆ ಅದರಿಂದ ಏನು ಪ್ರಯೋಜನ? ಸಂಸ್ಥೆಯ ಹೆಸರು ಈ ಮೂರೂ ಆದ ಮೇಲೆ ಬರಲಿ.

ಮೊದಲ ಪ್ರಶ್ನೆಗೆ ಇಷ್ಟು ತೂಕ ಏಕೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಇತಿಹಾಸವನ್ನು ನೋಡಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಆರಂಭವಾದ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಮುಕ್ತ ವಿಶ್ವವಿದ್ಯಾಲಯವಾಯಿತು. ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ ಸರ್ಕಾರಿ ಸಂಸ್ಥೆ, ಸಾವಿರಾರು ಶಿಕ್ಷಕರು, ನೌಕರರು, ಗೃಹಿಣಿಯರು ಪದವಿ ಪಡೆದ ಸಂಸ್ಥೆ. ಅದರ ಹೆಸರಿನ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಆದರೂ 2015ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸಾರ್ವಜನಿಕ ಪ್ರಕಟಣೆ ಹೊರಡಿಸಿ, 2012-13ರ ನಂತರ ಈ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ತಿಳಿಸಿತು. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಕೇಂದ್ರಗಳನ್ನು ನಡೆಸಿದ್ದು, ನಿಯಮ ಒಪ್ಪದ ತಾಂತ್ರಿಕ ಕೋರ್ಸುಗಳನ್ನು ಕೊಟ್ಟಿದ್ದು ಇದರ ಹಿಂದಿದ್ದ ಮುಖ್ಯ ಆಕ್ಷೇಪಗಳು. ತಪ್ಪು ನಡೆದದ್ದು ಆಡಳಿತದಲ್ಲಿ, ಬಹುಪಾಲು ರಾಜ್ಯದ ಹೊರಗೆ. ಪೆಟ್ಟು ಬಿದ್ದದ್ದು ಮಾತ್ರ ರಾಜ್ಯದೊಳಗೆ ಪ್ರಾಮಾಣಿಕವಾಗಿ ಶುಲ್ಕ ಕಟ್ಟಿ ಓದುತ್ತಿದ್ದ ವಿದ್ಯಾರ್ಥಿಗಳಿಗೂ. 2018-19ನೇ ಸಾಲಿನಿಂದ ಮಾನ್ಯತೆ ಮರಳಿತು, ಆಮೇಲೆ ನ್ಯಾಕ್‌ನಿಂದ ‘ಎ ಪ್ಲಸ್’ ಶ್ರೇಣಿಯೂ ಬಂತು. ಇಂದು ಅದನ್ನು ಅನುಮಾನದಿಂದ ನೋಡಬೇಕಾದ ಕಾರಣವಿಲ್ಲ. ಆದರೆ ನಡುವಿನ ಆ ವರ್ಷಗಳು ಕಲಿಸಿದ ಪಾಠ ಉಳಿಯಬೇಕು. ಅದೇ ಕಟ್ಟಡ, ಅದೇ ಮುದ್ರೆ, ಅದೇ ಹೆಸರು ಇದ್ದೂ ಒಂದು ಸಾಲಿನ ಪದವಿಗೆ ಬೆಲೆ ಇತ್ತು, ಇನ್ನೊಂದು ಸಾಲಿನ ಪದವಿ ಹಿಡಿದವರು ಅದರ ಬೆಲೆಗಾಗಿ ಬೀದಿಗಿಳಿದು ಹೋರಾಡಬೇಕಾಯಿತು. ಮಾನ್ಯತೆ ಸಂಸ್ಥೆಗೆ ಒಮ್ಮೆ ಕೊಟ್ಟು ಮರೆಯುವ ಬಿರುದಲ್ಲ. ಅದು ಕೋರ್ಸಿಗೆ, ವಿಧಾನಕ್ಕೆ, ಸಾಲಿಗೆ ಕಟ್ಟುಬಿದ್ದ ಅನುಮತಿ.

ಇದು ಒಂದು ವಿಶ್ವವಿದ್ಯಾಲಯದ ಕಥೆ ಮಾತ್ರ ಎಂದು ತಳ್ಳಿಹಾಕುವಂತಿಲ್ಲ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಡಿಶಾದ ನೀರಾವರಿ ನಿಗಮವೊಂದರ ಪ್ರಕರಣದಲ್ಲಿ ತೀರ್ಪು ಕೊಟ್ಟು, ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ಕಿತ್ತುಹಾಕಿತು. ಆ ಪದವಿಗಳ ಬಲದಿಂದ ಬಡ್ತಿ ಪಡೆದವರೂ ಪೆಟ್ಟು ತಿಂದವರಲ್ಲಿ ಇದ್ದರು. ಸೇರಿ ಎಷ್ಟೋ ವರ್ಷಗಳ ನಂತರ, ಕೆಲಸದಲ್ಲಿ ನೆಲೆಯಾದ ಮೇಲೆ, ಪದವಿಪತ್ರ ಪ್ರಶ್ನೆಯಾಗಿ ಎದುರಾಯಿತು. ಎಂಜಿನಿಯರಿಂಗನ್ನು ದೂರಶಿಕ್ಷಣದಲ್ಲಿ ಕೊಡುವಂತೆಯೇ ಇಲ್ಲ. ಎಂಬಿಎಯನ್ನು ಅನುಮತಿ ಪಡೆದು ಕೊಡಬಹುದು ಎಂಬ ವ್ಯತ್ಯಾಸ ನಿಜ. ಆದರೆ ಅನುಮತಿಯಿಲ್ಲದೆ ಕೊಟ್ಟ ಪದವಿಗೆ ಬೆಲೆಯಿಲ್ಲ ಎಂಬುದು ಎರಡಕ್ಕೂ ಒಂದೇ. ದೊಡ್ಡ ಹೆಸರಿನ ಸಂಸ್ಥೆಗಳನ್ನೂ ಯುಜಿಸಿ ಒಂದೆರಡು ಪ್ರವೇಶಾವಧಿಗಳ ಮಟ್ಟಿಗೆ ಹೊರಗಿಟ್ಟ ಉದಾಹರಣೆಗಳು ಈಚಿನ ವರ್ಷಗಳಲ್ಲೂ ಇವೆ.

ಹಾಗಾದರೆ ಪರಿಶೀಲಿಸುವುದು ಹೇಗೆ? ಮೂರು ಬೇರೆ ಬೇರೆ ಸಂಗತಿಗಳನ್ನು ಜಾಹೀರಾತುಗಳು ಒಂದೇ ಸಾಲಿನಲ್ಲಿ ಸೇರಿಸಿ ಬರೆಯುತ್ತವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ನ್ಯಾಕ್ ಶ್ರೇಣಿ ಎಂದರೆ ಒಟ್ಟು ಸಂಸ್ಥೆಯ ಗುಣಮಟ್ಟಕ್ಕೆ ಕೊಟ್ಟ ಅಂಕ. ಎಐಸಿಟಿಇ ತಾಂತ್ರಿಕ ಮತ್ತು ಮ್ಯಾನೇಜ್‌ಮೆಂಟ್ ಶಿಕ್ಷಣವನ್ನು ನೋಡಿಕೊಳ್ಳುವ ಸಂಸ್ಥೆ; ಡೀಮ್ಡ್ ವಿಶ್ವವಿದ್ಯಾಲಯಗಳ ಎಂಬಿಎ ಮತ್ತು ಸ್ವತಂತ್ರ ಸಂಸ್ಥೆಗಳ ಪಿಜಿಡಿಎಂ ವಿಷಯದಲ್ಲಿ ಅದರ ಒಪ್ಪಿಗೆಯನ್ನು ತಪ್ಪದೆ ನೋಡಬೇಕು. ದೂರಶಿಕ್ಷಣ ಕೊಡುವ ಹಕ್ಕು ಮಾತ್ರ ಬರುವುದು ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿಯಿಂದ. 2020ರ ಸೆಪ್ಟೆಂಬರಿನಲ್ಲಿ ಬಂದ ಯುಜಿಸಿ ನಿಯಮಾವಳಿಯ ಪ್ರಕಾರ ಒಂದು ಸಾಮಾನ್ಯ ವಿಶ್ವವಿದ್ಯಾಲಯ ಈ ಹಕ್ಕು ಕೇಳಬೇಕಾದರೆ ನ್ಯಾಕ್‌ನಲ್ಲಿ 4ಕ್ಕೆ ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿಯ ಮೊದಲ 100ರೊಳಗೆ ಸ್ಥಾನ ಇರಬೇಕು. ಒಳ್ಳೆಯ ನ್ಯಾಕ್ ಶ್ರೇಣಿ ಇದ್ದಮಾತ್ರಕ್ಕೆ ಎಂಬಿಎ ದೂರಶಿಕ್ಷಣಕ್ಕೆ ಅನುಮತಿ ಇದೆ ಎಂದಾಗುವುದಿಲ್ಲ. ತರಗತಿಯ ಎಂಬಿಎಗೆ ಇರುವ ಮಾನ್ಯತೆ ದೂರಶಿಕ್ಷಣದ ಎಂಬಿಎಗೆ ತಾನಾಗಿ ಹರಿದುಬರುವುದಿಲ್ಲ. ದೂರಶಿಕ್ಷಣದ ಅನುಮತಿ ಆನ್‌ಲೈನ್ ಕೋರ್ಸಿಗೆ ಸಲ್ಲುವುದಿಲ್ಲ. ಡಿಇಬಿ ಜಾಲತಾಣದಲ್ಲಿ ಪ್ರತಿ ಸಾಲಿಗೂ ಸಂಸ್ಥೆ, ಕೋರ್ಸು, ವಿಧಾನ ಮೂರನ್ನೂ ತೋರಿಸುವ ಪಟ್ಟಿ ಇರುತ್ತದೆ. ಸೇರುವ ಸಾಲಿನ ಪಟ್ಟಿಯಲ್ಲಿ ಮೂರೂ ಒಟ್ಟಿಗೆ ಕಂಡರೆ ಮಾತ್ರ ಮಾನ್ಯತೆ ಇದೆ ಎಂದು ತಿಳಿಯಬೇಕು. 2024ರಿಂದ ವಿದ್ಯಾರ್ಥಿಯೇ ಆ ಜಾಲತಾಣದಲ್ಲಿ ಡಿಇಬಿ ಐಡಿ ಮಾಡಿಕೊಂಡು ಪ್ರವೇಶ ಪಡೆಯಬೇಕೆಂಬ ನಿಯಮ ಬಂದಿದೆ. ಆ ಸಂಖ್ಯೆಯನ್ನೇ ಕೇಳದೆ ಹಣ ಕಟ್ಟಿಸಿಕೊಳ್ಳುವವರ ಹತ್ತಿರ ಹೋಗದಿರುವುದೇ ಒಳಿತು.

ಗಡಿಯ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ರಾಜ್ಯ ವಿಶ್ವವಿದ್ಯಾಲಯವಾಗಲಿ ಖಾಸಗಿ ವಿಶ್ವವಿದ್ಯಾಲಯವಾಗಲಿ ದೂರಶಿಕ್ಷಣದ ಕಲಿಕಾ ಕೇಂದ್ರಗಳನ್ನು ತನ್ನ ವ್ಯಾಪ್ತಿಯ ಆಚೆ ತೆರೆಯುವಂತಿಲ್ಲ, ಫ್ರಾಂಚೈಸಿಗೆ ಕೊಡುವಂತೆಯೂ ಇಲ್ಲ. ಉತ್ತರ ಭಾರತದ ಯಾವುದೋ ವಿಶ್ವವಿದ್ಯಾಲಯದ ಬೋರ್ಡು ಹಾಕಿಕೊಂಡ ‘ಸ್ಟಡಿ ಸೆಂಟರ್’ ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಕಂಡರೆ ಒಳಗೆ ಕಾಲಿಡುವ ಮೊದಲೇ ಅನುಮಾನ ಬರಬೇಕು. ಇಡೀ ದೇಶ ವ್ಯಾಪ್ತಿಯುಳ್ಳ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಸಂಗತಿ ಬೇರೆ. ಅದು 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು. ಆನ್‌ಲೈನ್ ಕೋರ್ಸುಗಳಿಗೆ ಈ ಗಡಿಯಿಲ್ಲ. ಆದರೆ ಅಲ್ಲಿಯೂ ಪ್ರವೇಶ, ಬೋಧನೆ, ಪರೀಕ್ಷೆ, ಪದವಿ ಎಲ್ಲವೂ ವಿಶ್ವವಿದ್ಯಾಲಯದ ಹೊಣೆ. ಎಡ್‌ಟೆಕ್ ಕಂಪನಿಗಳು ಫ್ರಾಂಚೈಸಿ ರೀತಿಯಲ್ಲಿ ಪದವಿ ಕೊಡಿಸುವಂತಿಲ್ಲ ಎಂದು ಯುಜಿಸಿ 2022ರ ಜನವರಿಯಲ್ಲೇ ಎಚ್ಚರಿಸಿದೆ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ‘ಸರ್, ಇವತ್ತೇ ಸೀಟ್ ಬ್ಲಾಕ್ ಮಾಡಿ, ಡಿಸ್ಕೌಂಟ್ ಇದೆ’ ಎನ್ನುವವರು ಯಾರ ಪರವಾಗಿ ಮಾತಾಡುತ್ತಿದ್ದಾರೆ ಎಂದು ಒಂದು ಸಲ ಕೇಳಿನೋಡಿದರೆ ಸಾಕು, ಅರ್ಧ ವಿಷಯ ಬಯಲಾಗುತ್ತದೆ.

ಇಲ್ಲಿಗೆ ಒಬ್ಬ ಓದುಗರು ತಡೆಯಬಹುದು: ‘ಮಾನ್ಯತೆ ಇದ್ದರೆ ಮುಗಿಯಿತಲ್ಲ, ಪಟ್ಟಿಯಲ್ಲಿರುವ ಯಾವುದಾದರೊಂದಕ್ಕೆ ಸೇರಿದರಾಯಿತು.’ ಮುಗಿಯಲಿಲ್ಲ. ಮಾನ್ಯತೆ ಹೊಸ್ತಿಲು ಮಾತ್ರ. ಸೇರಿ ಅರ್ಧಕ್ಕೆ ಬಿಟ್ಟರೆ ಮಾನ್ಯತೆ ಇರುವ ಕೋರ್ಸಿಗೂ ಇಲ್ಲದ ಕೋರ್ಸಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಎರಡನೆಯ ಪ್ರಶ್ನೆ, ಮುಗಿಸಲು ಆಗುತ್ತದೆಯೇ ಎಂಬುದು, ಮೊದಲನೆಯದರಷ್ಟೇ ಮುಖ್ಯ. ನಗರದವರು ಬರೆದ ಸಲಹೆಗಳು ನಮ್ಮಂಥ ಊರುಗಳಿಗೆ ಉಪಯೋಗಕ್ಕೆ ಬಾರದಿರುವುದು ಇಲ್ಲಿಯೇ. ಇಗ್ನೋ ಅವಧಿ ಪರೀಕ್ಷೆಗಳು ನಡೆಯುವುದು ಜೂನ್ ಮತ್ತು ಡಿಸೆಂಬರಿನಲ್ಲಿ. ಮಲೆನಾಡಿನಲ್ಲಿ ಜೂನ್ ಎಂದರೆ ಮಳೆ ಹಿಡಿಯುವ ಹೊತ್ತು, ಕೊಳೆರೋಗ ಬರದಂತೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕಾದ ಹೊತ್ತು. ಬಿಸಿಲು ಕಂಡ ಎರಡು ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಡಿಸೆಂಬರ್ ಎಂದರೆ ಕೊಯ್ಲಿನ ನಡುಮಧ್ಯ. ಕೊನೆ ತೆಗೆಯುವವರು ಬಂದ ದಿನವೇ ಕೊಯ್ಲು, ಅಂದೇ ರಾತ್ರಿ ಸುಲಿತ, ಮರುದಿನ ಬೇಯಿಸಿ ಒಣಗಲು ಹಾಕುವುದು. ಹಗಲು ನೌಕರಿ, ಬೆಳಗ್ಗೆ ಸಂಜೆ ತೋಟ ಎಂದು ಬದುಕುವವರಿಗೆ ಪರೀಕ್ಷೆಯ ವೇಳಾಪಟ್ಟಿ ಪಠ್ಯಕ್ರಮಕ್ಕಿಂತ ದೊಡ್ಡ ಸಂಗತಿ. ಸಹಕಾರ ಸಂಘದಲ್ಲಿರುವವರಿಗೆ ಮಾರ್ಚಿನ ವಸೂಲಿ, ಆಮೇಲಿನ ಆಡಿಟ್ಟು, ಸೆಪ್ಟೆಂಬರಿನೊಳಗಿನ ಮಹಾಸಭೆ ಬೇರೆ. ಇದೆಲ್ಲ ಓದದಿರಲು ನೆಪ ಎಂದು ಹೇಳುತ್ತಿಲ್ಲ. ಒಂದು ಅವಧಿಗೆ ಎಷ್ಟು ಪತ್ರಿಕೆ ತೆಗೆದುಕೊಳ್ಳಬೇಕು, ಯಾವುದನ್ನು ಮುಂದಿನ ಅವಧಿಗೆ ಬಿಡಬೇಕು ಎಂಬ ಲೆಕ್ಕವನ್ನು ಸೇರುವ ಮೊದಲೇ ಹಾಕಬೇಕು ಎಂದಷ್ಟೇ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೆ ಎಳೆಯಲು ಬಿಡುವ ಸಂಸ್ಥೆ ಈ ಕಡೆಯವರಿಗೆ ಎಷ್ಟೋ ಅನುಕೂಲ.

ಪರೀಕ್ಷಾ ಕೇಂದ್ರದ ದೂರವನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ದೂರಶಿಕ್ಷಣದಲ್ಲಿ ಅಸೈನ್‌ಮೆಂಟಿನಂಥ ಆಂತರಿಕ ಅಂಕ ಶೇ 30 ಮೀರುವಂತಿಲ್ಲ, ಉಳಿದ ಶೇ 70 ಅವಧಿಯ ಕೊನೆಯ ಪರೀಕ್ಷೆಯಿಂದಲೇ ಬರಬೇಕು. ಕೇಂದ್ರ ಶಿವಮೊಗ್ಗದಲ್ಲಿದ್ದರೆ ಶೃಂಗೇರಿಯಿಂದ ಅದು ಸುಮಾರು 100 ಕಿಲೋಮೀಟರ್. ಬೆಳಗಿನ ಪರೀಕ್ಷೆಗೆ ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಅದೂ ಇಲ್ಲ. ನಾಲ್ಕೈದು ಪತ್ರಿಕೆ ಎಂದರೆ ಅಷ್ಟೇ ದಿನದ ರಜೆ, ಬಸ್ಸು, ಲಾಡ್ಜಿನ ಖರ್ಚು. ಮನೆಯಿಂದಲೇ ಪರೀಕ್ಷೆ ಬರೆಯುವ ಆನ್‌ಲೈನ್ ಕೋರ್ಸು ಇದಕ್ಕೆ ಪರಿಹಾರದಂತೆ ಕಾಣುತ್ತದೆ. ಆದರೆ ಕ್ಯಾಮೆರಾ ಮುಂದೆ ಎರಡು ಮೂರು ಗಂಟೆ ಕಡಿಯದ ನೆಟ್‌ವರ್ಕ್ ಬೇಕು. ಆಷಾಢದ ಗಾಳಿಮಳೆಯಲ್ಲಿ ಮೂರು ದಿನ ಕರೆಂಟಿಲ್ಲದ ಹಳ್ಳಿಗೆ ಅದು ಖಾತ್ರಿಯ ಮಾತಲ್ಲ. ಪಟ್ಟಣದಲ್ಲಿ ಫೈಬರ್ ಸಂಪರ್ಕ, ಯುಪಿಎಸ್ ಎರಡೂ ಇರುವವರು ಆನ್‌ಲೈನ್ ಆರಿಸಿಕೊಳ್ಳಬಹುದು. ಘಟ್ಟದ ಅಂಚಿನ ಒಂಟಿಮನೆಯಲ್ಲಿ ಇರುವವರಿಗೆ ಅಚ್ಚಾದ ಪಠ್ಯ ಮತ್ತು ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಯೇ ಹೆಚ್ಚು ಭದ್ರ. ಭಾಷೆಯನ್ನೂ ಮರೆಯಬಾರದು. ಎಂಬಿಎ ಪಠ್ಯ, ಉತ್ತರ ಎರಡೂ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಲ್ಲಿ ಬಿಎ, ಬಿಕಾಂ ಮುಗಿಸಿದವರು ಹೆದರಬೇಕಿಲ್ಲ, ಪರೀಕ್ಷಿಸಿಕೊಳ್ಳಬೇಕು. ಇಗ್ನೋ ತನ್ನ ಪಠ್ಯಗಳನ್ನು ಇ-ಜ್ಞಾನಕೋಶ ಎಂಬ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಮ್ಯಾನೇಜರುಗಳಿಗೆ ಬೇಕಾದ ಲೆಕ್ಕಶಾಸ್ತ್ರದ ಪುಸ್ತಕದ ಒಂದು ಘಟಕವನ್ನು ತೆಗೆದು, ಕೆಲಸ ಮುಗಿಸಿ ಬಂದ ಒಂದು ವಾರದ ಸಂಜೆಗಳಲ್ಲಿ ಓದಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆದುನೋಡಿದರೆ ಮುಂದಿನ ಎರಡು ವರ್ಷ ಹೇಗಿರುತ್ತದೆ ಎಂಬುದು ಒಂದು ರೂಪಾಯಿ ಖರ್ಚಿಲ್ಲದೆ ತಿಳಿಯುತ್ತದೆ.

ಮೂರನೆಯ ಪ್ರಶ್ನೆ ಪ್ರಯೋಜನದ್ದು. ಎಂಬಿಎ ಎಲ್ಲರಿಗೂ ಬೇಕಾದ ಪದವಿಯಲ್ಲ ಎಂಬುದನ್ನು ಒಪ್ಪಿಕೊಂಡೇ ಮಾತಾಡಬೇಕು. ಬ್ಯಾಂಕಿನಲ್ಲಿ ಇರುವವರಿಗೆ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳಿಂದ ನೇರವಾಗಿ ಇನ್‌ಕ್ರಿಮೆಂಟು ಸಿಗುತ್ತದೆ. ಅವನ್ನು ಮುಗಿಸದೆ ಎಂಬಿಎಗೆ ಹೋಗುವುದು ಹತ್ತಿರದ ದಾರಿ ಬಿಟ್ಟು ಸುತ್ತಿ ಹೋದಂತೆ. ಸಹಕಾರ ಸಂಘದ ನೌಕರರಿಗೆ ಡಿಸಿಎಂ, ಅಂದರೆ ಸಹಕಾರ ಆಡಳಿತದ ಡಿಪ್ಲೊಮಾ, ಕೆಲಸಕ್ಕೆ ಹೆಚ್ಚು ಹತ್ತಿರದ್ದು. ಹೆಸರಿನ ಮುಂದೆ ಮೂರಕ್ಷರ ಸೇರಿಸುವುದೇ ಉದ್ದೇಶವಾದರೆ ಇಷ್ಟು ಕಷ್ಟಪಡಬೇಕಾಗಿಲ್ಲ. ಆದರೆ ‘ಹಳ್ಳಿಗಾಡಿನಲ್ಲಿ ಮ್ಯಾನೇಜ್‌ಮೆಂಟ್ ಓದಿ ಮಾಡುವುದೇನಿದೆ’ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಕೊಪ್ಪದ ಸಹಕಾರ ಸಾರಿಗೆಯನ್ನೇ ನೋಡಿ. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರೇ ಒಟ್ಟುಗೂಡಿ 1991ರಲ್ಲಿ ಕಟ್ಟಿದ ಸಹಕಾರ ಸಂಘ ಅದು. ಬೆರಳೆಣಿಕೆಯ ಬಸ್ಸುಗಳಿಂದ ಶುರುವಾಗಿ ಎಪ್ಪತ್ತನ್ನು ಮೀರಿ ಬೆಳೆಯಿತು, ಬೇರೆ ಬಸ್ಸು ಹೋಗದ ಹಳ್ಳಿಗಳಿಗೆ ಹೋಯಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಮಾಲೀಕನಿಲ್ಲದೆ ಕಾರ್ಮಿಕರೇ ಒಂದು ಸಂಸ್ಥೆಯನ್ನು ಮೂರು ದಶಕದ ಹತ್ತಿರ ನಡೆಸಿದ್ದು ಎಲ್ಲಿಯೂ ಸುಲಭವಾಗಿ ಸಿಗುವ ಉದಾಹರಣೆಯಲ್ಲ. ನಷ್ಟದ ಹೊರೆ ತಾಳಲಾರದೆ 2020ರಲ್ಲಿ ಅದು ನಿಂತಿತು. ಒಂದು ಎಂಬಿಎ ಇದ್ದಿದ್ದರೆ ಉಳಿಯುತ್ತಿತ್ತು ಎಂದು ಹೇಳುವುದು ಆ ಕಾರ್ಮಿಕರಿಗೆ ಮಾಡುವ ಅನ್ಯಾಯ. ಡೀಸೆಲ್ ದರ, ಸ್ಪರ್ಧೆ, ಸರ್ಕಾರದ ನೀತಿ ಇವು ಯಾವ ಪದವಿಯ ಕೈಯಲ್ಲೂ ಇಲ್ಲ. ಆದರೆ ಅಲ್ಲಿ ಪ್ರತಿದಿನ ಎದುರಾಗುತ್ತಿದ್ದ ಪ್ರಶ್ನೆಗಳು ಮ್ಯಾನೇಜ್‌ಮೆಂಟಿನ ಶುದ್ಧ ಪ್ರಶ್ನೆಗಳೇ. ಒಂದು ಕಿಲೋಮೀಟರಿಗೆ ತಗಲುವ ಖರ್ಚೆಷ್ಟು, ಯಾವ ರೂಟು ಇನ್ನೊಂದು ರೂಟನ್ನು ಸಾಕುತ್ತಿದೆ, ರಿಯಾಯಿತಿ ಪಾಸಿನ ಭಾರ ಯಾರ ಮೇಲೆ ಬೀಳುತ್ತಿದೆ, ಹಳೆಯ ಬಸ್ಸನ್ನು ಯಾವ ವರ್ಷ ಮಾರಬೇಕು. ಇಂಥವೇ ಪ್ರಶ್ನೆಗಳು ಇಂದು ಅಡಿಕೆ ಮಾರಾಟ ಸಂಘಗಳಲ್ಲಿ, ಪತ್ತಿನ ಸಂಘಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಇವೆ. ಹಳದಿ ಎಲೆ ರೋಗದಿಂದ ತೋಟ ಹೋದ ಮನೆ ಮುಂದೇನು ಎಂದು ಯೋಚಿಸುವಾಗಲೂ ಇವೇ ಏಳುತ್ತವೆ. ತನ್ನ ಕೆಲಸದ ಮೇಜಿನ ಮೇಲೆ ಇಂಥ ಒಂದು ಪ್ರಶ್ನೆ ಇರುವವರಿಗೆ ಎಂಬಿಎ ಪಠ್ಯ ಬೇಗ ಅರ್ಥವಾಗುತ್ತದೆ, ಅಂಥವರಿಗೆ ಅದು ಬೇಕು ಕೂಡ.

ಉಳಿದಿರುವುದು ಎಲ್ಲರೂ ಎತ್ತುವ ಆಕ್ಷೇಪ: ‘ದೂರಶಿಕ್ಷಣದ ಎಂಬಿಎಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ.’ ಕಾನೂನಿನ ಮಟ್ಟಿಗೆ ಇದು ತಪ್ಪು. ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿಯ ಪದವಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಮಾರುಕಟ್ಟೆಯ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯವಿದೆ. ಹೆಸರಾಂತ ಕ್ಯಾಂಪಸ್ಸಿನ ಎಂಬಿಎಗೆ ಸಿಗುವ ಸಂಬಳದ ದೊಡ್ಡ ಪಾಲು ಅಲ್ಲಿನ ಪ್ರವೇಶ ಪರೀಕ್ಷೆಯ ಜರಡಿಗೆ, ಪ್ಲೇಸ್‌ಮೆಂಟಿಗೆ, ಸಹಪಾಠಿಗಳ ಬಳಗಕ್ಕೆ ಸಲ್ಲುವ ಬೆಲೆ. ಅದನ್ನು ದೂರಶಿಕ್ಷಣ ಕೊಡಲಾರದು, ಕೊಡುತ್ತೇನೆಂದು ಹೇಳುವ ಜಾಹೀರಾತನ್ನು ನಂಬಲೂಬಾರದು. ಆದರೆ ಈಗಾಗಲೇ ಕೆಲಸದಲ್ಲಿ ಇರುವವರು ಕೊಳ್ಳುತ್ತಿರುವುದು ಅದನ್ನಲ್ಲ. ಬಡ್ತಿಗೆ ಬೇಕಾದ ಅರ್ಹತೆ, ಲೆಕ್ಕಪತ್ರ ಓದುವ ಕಣ್ಣು, ಇನ್ನೊಂದು ಹುದ್ದೆಗೆ ಅರ್ಜಿ ಹಾಕುವ ಹಕ್ಕು ಇವು ಅವರಿಗೆ ಬೇಕಾದವು. ಇವಕ್ಕಾಗಿ ಲಕ್ಷ ದಾಟುವ ಬ್ರ್ಯಾಂಡಿನ ಶುಲ್ಕ ಕಟ್ಟಬೇಕೇ ಎಂಬುದೇ ನಿಜವಾದ ಪ್ರಶ್ನೆ. ಬಹುಪಾಲು ಜನರಿಗೆ ಬೇಡ. ಇಗ್ನೋ, ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಸಾರ್ವಜನಿಕ ಸಂಸ್ಥೆಗಳು ಕಡಿಮೆ ಖರ್ಚಿನಲ್ಲಿ ಅದನ್ನು ಕೊಡುತ್ತವೆ. ‘ಅಲ್ಲಿ ಯಾರೂ ಫೋನ್ ಎತ್ತುವುದಿಲ್ಲ, ಅಂಕಪಟ್ಟಿ ತಡವಾಗುತ್ತದೆ’ ಎಂಬ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಖಾಸಗಿ ಆನ್‌ಲೈನ್ ಕೋರ್ಸುಗಳು ವಿದ್ಯಾರ್ಥಿಯನ್ನು ಹೆಚ್ಚು ಚುರುಕಾಗಿ ನೋಡಿಕೊಳ್ಳುವುದೂ ಉಂಟು. ಒಬ್ಬರ ಕಂಪನಿಯೇ ಶುಲ್ಕ ಕಟ್ಟುತ್ತದೆ ಎಂದಾದರೆ ಅತ್ತ ಹೋಗಲು ಅಡ್ಡಿಯಿಲ್ಲ. ಸ್ವಂತ ಸಾಲದಲ್ಲಿ ಓದುವವರಿಗೆ ಆ ಚುರುಕಿನ ಬೆಲೆ ದುಬಾರಿ.

ಇದರಲ್ಲಿ ವಿದ್ಯಾರ್ಥಿಯ ಹೊಣೆಯಷ್ಟೇ ಊರಿನ ಹೊಣೆಯೂ ಇದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರರಲ್ಲೂ ಪದವಿ ಕಾಲೇಜುಗಳಿವೆ, ಕಟ್ಟಡ, ಕಂಪ್ಯೂಟರು ಇವೆ, ಅಧ್ಯಾಪಕರೂ ಇದ್ದಾರೆ. ಇವುಗಳಲ್ಲಿ ಒಂದಾದರೂ ಕಾಲೇಜು ಮುಂದೆ ಬಂದು ಸಾರ್ವಜನಿಕ ಮುಕ್ತ ವಿಶ್ವವಿದ್ಯಾಲಯದ ಕಲಿಕಾ ಕೇಂದ್ರಕ್ಕೂ ಪರೀಕ್ಷಾ ಕೇಂದ್ರಕ್ಕೂ ಒತ್ತಾಯಿಸಿದರೆ, ದೊಡ್ಡ ಸಹಕಾರ ಸಂಘಗಳು ತಮ್ಮ ನೌಕರರ ಶುಲ್ಕದ ಒಂದು ಪಾಲು ಹೊತ್ತು ಪರೀಕ್ಷೆಗೆ ರಜೆ ಕೊಟ್ಟರೆ, ಊರಿನ ಸಂಸ್ಥೆಗಳನ್ನು ನಡೆಸುವ ಜನ ಊರಿನಲ್ಲೇ ತಯಾರಾಗುತ್ತಾರೆ. ಅಲ್ಲಿಯವರೆಗೆ ಸೇರಬೇಕೆಂದಿರುವವರಿಗೆ ಹೇಳುವುದು ಇಷ್ಟೇ. ಡಿಇಬಿ ಪಟ್ಟಿಯಲ್ಲಿ ನಿಮ್ಮ ಕೋರ್ಸು, ನಿಮ್ಮ ವಿಧಾನ, ನಿಮ್ಮ ಸಾಲು ಮೂರನ್ನೂ ನಿಮ್ಮ ಕಣ್ಣಿನಿಂದಲೇ ನೋಡಿ ಆ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಪರೀಕ್ಷೆ ಎಲ್ಲಿ, ಯಾವ ತಿಂಗಳು ಎಂದು ವಿಚಾರಿಸಿ. ಒಂದು ಘಟಕ ಓದಿನೋಡಿ. ಅದಾಗುವ ತನಕ ಯಾರು ಎಷ್ಟೇ ಅವಸರ ಮಾಡಿದರೂ ಒಂದು ರೂಪಾಯಿಯನ್ನೂ ಕಟ್ಟಬೇಡಿ.